ಚರಗದ ಪರಾತ ಬಚ್ಚಿಟ್ಟ ವರ್ಷ

ಅನ್ನಕ್ಕೆ ಪಲ್ಯ ತಾಗಿದರೆ ನನ್ನ ಹೊಟ್ಟೆ ತೊಳಸುತ್ತದೆ ಎಂದರೆ ನೀವು ನಗುತ್ತೀರಿ. ನಗಿರಿ. ನಮ್ಮ ಮನೆಯವರು ಇಷ್ಟು ವರ್ಷ ನಕ್ಕು ನಕ್ಕು ದಣಿದಿದ್ದಾರೆ, ಆ ಕೆಲಸವನ್ನು ಯಾರಾದರೂ ಮುಂದುವರಿಸಬೇಕಲ್ಲ. ನನ್ನಂಥವರಿಗೆ ನ್ಯೂರೋಡೈವರ್ಜೆಂಟ್ ಎನ್ನುತ್ತಾರೆ, ಅಂದರೆ ಮಿದುಳಿನ ನಡಿಗೆ ನಾಲ್ಕು ಮಂದಿಯ ಹಾಗಲ್ಲ ಎಂದು ಈಚೆಗೆ ಡಾಕ್ಟರು ತಿಳಿಸಿ ಹೇಳಿದರು. ನಾನು ಚಿಕ್ಕವಳಿದ್ದ ಎಂಬತ್ತರ ದಶಕದ ಸಿಂಧನೂರಿನಲ್ಲಿ ಅದಕ್ಕೆ ಇಷ್ಟುದ್ದದ ಹೆಸರು ಇರಲಿಲ್ಲ. ‘ನಖರಾ’ ಎನ್ನುತ್ತಿದ್ದರು. ಮೂರೇ ಅಕ್ಷರ, ಡಾಕ್ಟರ ತನಕ ಹೋಗುವ ಕಾರಣವೂ ಇಲ್ಲ, ಓಣಿಯವರೆಲ್ಲ ಮನೆ ಬಾಗಿಲಿಗೇ ಬಂದು ಹೇಳಿ ಹೋಗುತ್ತಿದ್ದರು.

ನನ್ನ ನಖರಾಗಳು ಒಂದೆರಡಲ್ಲ. ಕಾನ್ವೆಂಟಿನ ಸಾಕ್ಸಿನ ಒಳಗೆ ಬೆರಳ ತುದಿಗೆ ಒಂದು ಹೊಲಿಗೆ ಬರುತ್ತದೆ, ಅದು ಚುಚ್ಚುತ್ತದೆಂದು ಸಾಕ್ಸನ್ನು ತಿರುವಿ ಹಾಕಿಕೊಂಡು ಹೋಗುತ್ತಿದ್ದೆ. ಒಂದನೇ ಕ್ಲಾಸಿನ ಸಿಸ್ಟರ್ ಅದನ್ನು ಕಂಡು, ಬಡ ಹುಡುಗಿ, ಬೆಳಗ್ಗೆ ದೀಪವಿಲ್ಲದೆ ತಯಾರಾಗಿರಬೇಕು ಎಂದು ಮರುಗಿ ಒಂದು ಮೇಣದಬತ್ತಿ ಕೊಟ್ಟು ಕಳಿಸಿದ್ದರು. ಕುಕ್ಕರಿನ ಸೀಟಿ ಕೇಳಿದರೆ ಹಿತ್ತಲಿಗೆ ಓಡುತ್ತಿದ್ದೆ. ಆದರೆ ಅವ್ವ ರೊಟ್ಟಿ ಬಡಿಯುವ ಸದ್ದನ್ನು ಮಾತ್ರ ಎಷ್ಟು ಹೊತ್ತಾದರೂ ಕೂತು ಕೇಳುತ್ತಿದ್ದೆ. ಇಪ್ಪತ್ತು ಬಡಿತಕ್ಕೆ ಒಂದು ರೊಟ್ಟಿ, ಅವ್ವನಿಗೆ ಸಿಟ್ಟು ಬಂದಿದ್ದರೆ ಹದಿನಾಲ್ಕು. ಕುಸುರೆಳ್ಳನ್ನು ಮುಳ್ಳು ಇದ್ದದ್ದು, ಮುಳ್ಳು ಮುರಿದದ್ದು ಎಂದು ಬೇರೆ ಮಾಡುತ್ತ ಒಂದು ಇಡೀ ಸಂಕ್ರಮಣ ಕಳೆದಿದ್ದೇನೆ.

ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಮಸ್ಕಿಯ ಆಚೆ, ಲಿಂಗಸುಗೂರಿನ ದಾರಿಯಲ್ಲಿದ್ದ ನಮ್ಮ ಅಜ್ಜಿಯ ಜೋಳದ ಹೊಲ. ಅಲ್ಲಿ ಬೆಳೆಯೂ ಸಾಲಿನಲ್ಲಿ ನಿಲ್ಲುತ್ತಿತ್ತು. ಒಂದು ಸಾಲಿನ ನಡುವೆ ಕೂತರೆ ಈ ಕಡೆ ಅಷ್ಟೇ ಜೋಳ, ಆ ಕಡೆ ಅಷ್ಟೇ ಜೋಳ. ಒಣ ಎಲೆ ಸರಸರ ಎನ್ನುವುದು ಬಿಟ್ಟರೆ ಯಾರೂ ಮಾತಾಡಿಸುವವರಿಲ್ಲ. ವರ್ಷಕ್ಕೆ ಒಂದೇ ಸಲ, ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ ಚರಗ ಚೆಲ್ಲುವ ದಿನ, ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು.

ಆದರೆ ನನ್ನ ಅತಿ ಇಷ್ಟದ ಜಾಗದಲ್ಲೇ ನನ್ನ ಅತಿ ಅನಿಷ್ಟದ ಕೆಲಸ ನಡೆಯುತ್ತಿತ್ತು. ತೆನೆ ಕಟ್ಟುವ ಹೊತ್ತಿನಲ್ಲಿ ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯ ಊಟ ಕೊಡಬೇಕು. ಅದಕ್ಕೆಂದು ಮನೆಯಲ್ಲಿ ಮಾಡಿದ ಅಷ್ಟೂ ಅಡಿಗೆಯಲ್ಲಿ, ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ, ಮೊಸರನ್ನ ಎಲ್ಲದರಿಂದಲೂ ಒಂದಿಷ್ಟನ್ನು ಅಜ್ಜಿ ಒಂದೇ ಅಗಲ ಹಿತ್ತಾಳೆ ಪರಾತಕ್ಕೆ ಸುರಿದು, ಮೊಣಕೈ ತನಕ ಕೈ ಹಾಕಿ ಕಲಸುತ್ತಿದ್ದಳು. ಅದನ್ನು ಹೊಲದ ನಾಲ್ಕು ಕಡೆ ಚೆಲ್ಲಿ ಬಂದಮೇಲೆ ತಳದಲ್ಲಿ ಉಳಿದದ್ದರಿಂದ ಮನೆಯ ಹಿರಿ ಮೊಮ್ಮಗಳು ಒಂದು ತುತ್ತು ಉಣ್ಣಬೇಕು. ಅವಳು ನುಂಗುವ ತನಕ ಉಳಿದವರು ಬುತ್ತಿ ಬಿಚ್ಚುವ ಹಾಗಿಲ್ಲ. ಹಿರಿ ಮೊಮ್ಮಗಳು ನಾನೇ. ನನಗೆ ಏಳು ತುಂಬಿದ ವರ್ಷ ಆ ತುತ್ತನ್ನು ಜೋಳದ ಬುಡಕ್ಕೆ ಉಗುಳಿಬಿಟ್ಟಿದ್ದೆ.

“ಭೂಮಿತಾಯಿ ಮಾರಿ ಮ್ಯಾಲ ಉಗುಳಿದಂಗ ಆತು,” ಎಂದು ಅಜ್ಜಿ ವರ್ಷವಿಡೀ ಹೇಳಿದಳು. ನನಗೆ ಎಂಟು ತುಂಬಿದ ಆ ಎಳ್ಳಮಾಸಿಯ ಹಿಂದಿನ ದಿನ ಮಸ್ಕಿಯ ತನ್ನ ಮನೆಯಲ್ಲಿ ಎದುರಿಗೆ ಕೂರಿಸಿಕೊಂಡು, “ಪಾರೀ, ಈ ಸಲ ಉಗುಳಿದ್ಯಂದ್ರ ಇದ ಕಡೀದು. ಮತ್ತ ನಿನ್ನ ಹೊಲಕ್ಕ ಕರಕೊಂಡು ಹೋಗಂಗಿಲ್ಲ. ಮನ್ಯಾಗ ಕುಂದ್ರು, ನಿನ್ನ ಕುಸುರೆಳ್ಳು ಆರಿಸ್ಕೋತ,” ಎಂದಳು. ಅಜ್ಜಿ ಆಡಿದ ಮಾತು ತಪ್ಪಿದ್ದನ್ನು ಮಸ್ಕಿಯಲ್ಲಿ ಯಾರೂ ಕಂಡಿರಲಿಲ್ಲ.

ಮರುದಿನ ನಸುಕಿನಲ್ಲಿ ಅಪ್ಪ ಗಾಡಿ ಹೂಡುವಾಗ, “ಬುಟ್ಟಿ ನಾ ಜೋಡಿಸ್ತೀನಿ,” ಎಂದೆ. ಅವ್ವನಿಗೆ ಆನಂದ; ಮಗಳಿಗೆ ಬುದ್ಧಿ ಬಂತು ಎಂದುಕೊಂಡಳು. ಹನ್ನೊಂದು ಪದಾರ್ಥಗಳನ್ನು ಹನ್ನೊಂದು ಮುತ್ತಲೆಲೆಯಲ್ಲಿ ಕಟ್ಟಿದೆ. ಒಂದು ಹನಿ ಎಣ್ಣೆ ಕೂಡ ಮಗ್ಗುಲಿನ ಎಲೆಯ ಗುರುತು ಹಿಡಿಯದ ಹಾಗೆ ಹಗ್ಗ ಬಿಗಿದೆ. ಹಿತ್ತಾಳೆ ಪರಾತವನ್ನು ಮನೆಯಲ್ಲೇ ಜೋಳದ ಚೀಲದ ಹಿಂದೆ ನಿಲ್ಲಿಸಿ, ಮೇಲೆ ಒಂದು ಗೋಣಿತಟ್ಟು ಹೊದಿಸಿದೆ.

ಹೊಲದಲ್ಲಿ ಅಜ್ಜಿ ಬುಟ್ಟಿ ಬಿಚ್ಚಿದಳು. ಒಂದು ಗಂಟು ತೆಗೆದಳು, ಇನ್ನೊಂದು ತೆಗೆದಳು. “ಪರಾತ ಎಲ್ಲೈತಿ?”

“ಮರತೀನಿ,” ಎಂದೆ. ಸುಳ್ಳು ಹೇಳಬಾರದು ಎಂದು ಸಿಸ್ಟರ್ ಹೇಳಿದ್ದರು. ಪರಾತದ ವಿಷಯಕ್ಕೆ ಏನೂ ಹೇಳಿರಲಿಲ್ಲ.

“ಬೇಕಂತ ಮಾಡ್ಯಾಳ ನಿನ್ನ ಮಗಳು,” ಎಂದು ಅಜ್ಜಿ ಅವ್ವನ ಕಡೆ ತಿರುಗಿದಳು. ಅಪ್ಪ ಹೆಗಲ ಮೇಲಿನ ವಲ್ಲಿ ತೆಗೆದು, “ಇದರ ಮ್ಯಾಲ ಕಲಸು, ಹಸಿವಾಗೇತಿ,” ಎಂದ.

“ಬಸುರೀಗೆ ಕಲಸಿದ್ದು ಕೊಟ್ರ ವಾಂತಿ ಆಗ್ತದ,” ಎಂದೆ. “ಚಿಕ್ಕಮ್ಮ ಬಸುರಿದ್ದಾಗ ಅಡಿಗಿಮನಿ ವಾಸನಿಗೇ ಓಡತಿದ್ಲು.”

ಅಜ್ಜಿ ನನ್ನತ್ತ ನೋಡಿದ ನೋಟಕ್ಕೆ ಎತ್ತುಗಳೂ ಮೇಯುವುದು ಬಿಟ್ಟವು. ಆಗ ಬಾಜೂ ಹೊಲದ ಹುಸೇನಮ್ಮ, ಪ್ರತಿ ವರ್ಷ ನಮ್ಮ ಜೊತೆ ಉಣ್ಣಲು ಬರುತ್ತಿದ್ದ ಅಜ್ಜಿಯ ಗೆಳತಿ, ಬದುವಿನ ಮೇಲೆ ಕೂತವಳು ಬಾಯೊಳಗಿನ ಎಲೆ ಅಡಿಕೆ ಒಂದು ಕಡೆ ಸರಿಸಿದಳು. “ಯಕ್ಕಾ, ಹುಡುಗಿ ಅನ್ನೋದು ಖರೆ ಐತಿ. ನಾ ಐದು ಹಡದೀನಿ. ಒಂದಕ್ಕ ಹುಣಸಿಕಾಯಿ ಬೇಡಿದ್ದೆ, ಒಂದಕ್ಕ ಮಣ್ಣು ಬೇಡಿದ್ದೆ. ಎಲ್ಲಾ ಕಲಸಿ ಕೊಡ್ರಿ ಅಂತ ಒಂದಕ್ಕೂ ಬೇಡಿಲ್ಲ.”

“ನಿನಗ ಯಾರ ಕೇಳ್ಯಾರ?”

“ಹೊಟ್ಟಿ ಕೇಳಾಕತ್ತೈತಿ. ಬ್ಯಾರೆ ಬ್ಯಾರೆನ ಚೆಲ್ಲಿ ಬಾ. ತಾಯಿ ತನಗ ಬೇಕಾದ್ದು ತಾ ತಗೋತಾಳ.”

ಐದು ಹಡೆದವಳ ಎದುರು ಮೂರು ಹಡೆದ ಅಜ್ಜಿ ಏನು ವಾದಿಸಿಯಾಳು? ಹನ್ನೊಂದು ಗಂಟುಗಳನ್ನೂ ಬಿಚ್ಚಿ, ಒಂದೊಂದರಿಂದ ಒಂದೊಂದು ಹಿಡಿ ಚೆಲ್ಲುತ್ತ ಹೊಲ ಸುತ್ತಿದಳು. ನಾನು ಗೆದ್ದ ಖುಷಿಯಲ್ಲಿ ಸಾಲಿನೊಳಗೆ ನುಸುಳುವಷ್ಟರಲ್ಲಿ ಅವಳು ಜಡೆ ಹಿಡಿದು ನಿಲ್ಲಿಸಿದಳು.

“ಎಲ್ಲಿಗೆ? ಪ್ರಸಾದ ಯಾರ ತಿನ್ನವ್ರು? ಕಲಸಿದ್ರ ಒಂದು ತುತ್ತಿನಾಗ ಮುಗೀತಿತ್ತು. ಬ್ಯಾರೆ ಬ್ಯಾರೆ ಕಟ್ಟೀದಿ, ಬ್ಯಾರೆ ಬ್ಯಾರೆ ತಿನ್ನು. ಹನ್ನೊಂದು ತುತ್ತು. ಒಂದು ಉಗುಳು, ಆಮ್ಯಾಲ ನೋಡು.”

ಹುಸೇನಮ್ಮ ಸೆರಗಿನಲ್ಲಿ ಮುಖ ಮುಚ್ಚಿ ನಗುತ್ತಿದ್ದಳು.

ಕೂತೆ. ಮೊದಲು ಕಡುಬು. ನುಂಗಿ, ಎರಡು ಗುಟುಕು ನೀರು ಕುಡಿದು, ಬಾಯಿ ಸ್ವಚ್ಛವಾಯಿತೆಂದು ಖಾತ್ರಿ ಮಾಡಿಕೊಂಡೆ. ಆಮೇಲೆ ಕಾಳುಪಲ್ಯ. ಮತ್ತೆ ನೀರು. ಅಪ್ಪ ಎದ್ದು ಎತ್ತಿನ ಹತ್ತಿರ ಹೋಗಿ ಬಂದ, ಮತ್ತೆ ಹೋಗಿ ಬಂದ. ನೆರಳು ಮರದಡಿಯಿಂದ ಸರಿದು ಗಾಡಿಯ ಚಕ್ರಕ್ಕೆ ಬಂತು. “ಲಗೂ ನುಂಗ ಬೇ, ನಿಮ್ಮಪ್ಪ ಹಗ್ಗ ತಿಂತಾನ ಈಗ,” ಎಂದು ಹುಸೇನಮ್ಮ ಬೇಡಿಕೊಂಡಳು. ಆದರೆ ನನಗೆ ಅವಸರವಿರಲಿಲ್ಲ. ಒಂಬತ್ತನೆಯದು ಪುಂಡಿಪಲ್ಯ, ನಾನು ಹೆಸರು ಕೇಳಿದರೇ ಓಡುತ್ತಿದ್ದ ಪಲ್ಯ. ಕಣ್ಣು ಮುಚ್ಚಿ ಬಾಯಿಗಿಟ್ಟೆ. ಹುಳಿ ನಾಲಿಗೆಯ ಎರಡು ಅಂಚಿಗೆ ಹೋಗಿ ಕೂತಿತು. ಅದರ ಸುತ್ತ ಅನ್ನವಿರಲಿಲ್ಲ, ಮೊಸರಿರಲಿಲ್ಲ, ಬದನೆಯ ಬೀಜವಿರಲಿಲ್ಲ. ಪುಂಡಿಪಲ್ಯ ಒಂದೇ ಇತ್ತು. ಅಷ್ಟು ವರ್ಷ ಅದನ್ನು ನಾನು ಒಂಟಿಯಾಗಿ ಭೇಟಿಯಾಗಿಯೇ ಇರಲಿಲ್ಲ.

“ಇನ್ನೊಂದಿಷ್ಟು ಹಾಕು,” ಎಂದೆ.

ಇದು ಶಿಕ್ಷೆಯಾಗುತ್ತಿಲ್ಲ ಎಂದು ಅಜ್ಜಿಗೆ ಆಗ ಗೊತ್ತಾಗಿರಬೇಕು. ಪಲ್ಯ ಹಾಕಿದಳು, ಹಾಕುವಾಗ ಎಲೆಯ ಮೇಲೆ ಬೇರೆಯದೇ ಜಾಗ ಹುಡುಕಿ ಹಾಕಿದಳು. ಹನ್ನೊಂದು ಮುಗಿದ ಮೇಲೆ, “ಮುಂದಿನ ವರ್ಷ ಪರಾತ ನಾನ ತರತೀನಿ,” ಎಂದಳು. “ನಿಂದು ನೀ ಬ್ಯಾರೆ ಕಟ್ಕೊಂಡು ಬಾ.” ಅಲ್ಲಿಗೆ ಹೊಲ ನನ್ನದಾಗಿಯೇ ಉಳಿಯಿತು.

ತೊಂಬತ್ತರ ದಶಕದಲ್ಲಿ ಮದುವೆಯಾಗಿ ಲಿಂಗಸುಗೂರಿಗೆ ಬಂದಾಗ, ಈ ಜ್ಞಾನವನ್ನು ಗಂಡನ ಮನೆಯವರಿಗೂ ಹಂಚಬೇಕೆಂದು ಪಣ ತೊಟ್ಟೆ. ಒಂದೊಂದು ಪದಾರ್ಥಕ್ಕೂ ಒಂದೊಂದು ಬಟ್ಟಲು, ಯಾರಿಗೂ ಕಲಸಿ ಬಡಿಸುವ ಮಾತಿಲ್ಲ. ಅತ್ತೆ ಒಂದು ವಾರ ನೋಡಿ, “ಭಾಳ ಚಲೋ ಪದ್ಧತಿ,” ಎಂದರು. ಗಂಡ ತಿಂಗಳು ನೋಡಿ, “ನಂಗೂ ರೂಢಿ ಆತು,” ಎಂದರು. ಈಗ ನಮ್ಮ ಮನೆಗೆ ಬಂದ ನೆಂಟರೂ ಬಟ್ಟಲು ಕೇಳಿ ಇಸಿದುಕೊಳ್ಳುತ್ತಾರೆ. ದಿನಾ ಊಟವಾದ ಮೇಲೆ ಬಚ್ಚಲಲ್ಲಿ ಬಟ್ಟಲುಗಳ ಗುಡ್ಡದ ಮುಂದೆ ಕುಕ್ಕರುಗಾಲಲ್ಲಿ ಕೂತು ನಾನು ಜಿಡ್ಡು ಮುಟ್ಟಲಾರದೆ ಎರಡು ಬೆರಳಲ್ಲಿ ಒಂದೊಂದನ್ನೇ ಎತ್ತಿ ತೊಳೆಯುತ್ತಿರುವಾಗ, ಒಂದೇ ಒಂದು ಪರಾತದಲ್ಲಿ ಇಡೀ ಹೊಲಕ್ಕೆ ಉಣ್ಣಿಸಿ, ಅದನ್ನು ಹಳ್ಳದ ಮರಳಲ್ಲಿ ಎರಡು ಸಲ ತಿಕ್ಕಿ, ಸೆರಗು ಕೊಡವಿ ಎದ್ದುಬಿಡುತ್ತಿದ್ದ ಅಜ್ಜಿಗೂ ಸ್ವಲ್ಪ ಬುದ್ಧಿಯಿತ್ತು ಅನ್ನಿಸುತ್ತದೆ.