ಕೂತಲ್ಲೇ ಹತ್ತಿದ ದಿಬ್ಬ

ಎಲ್ಲ ಅನಾಹುತಕ್ಕೂ ಮೂಲ ಭಾವಮೈದ ತಂದುಕೊಟ್ಟ ಆ ಕೈಗಡಿಯಾರ. ಗಂಟೆ ತೋರಿಸಿಕೊಂಡು ತೆಪ್ಪಗೆ ಬಿದ್ದಿರುವ ಜಾತಿಯದಲ್ಲ ಅದು. ಕಟ್ಟಿಕೊಂಡವನು ಬೆಳಗಿನಿಂದ ಎಷ್ಟು ಮೀಟರ್ ಏರು ಹತ್ತಿದ ಎಂದೂ ಲೆಕ್ಕ ಒಪ್ಪಿಸುತ್ತಿತ್ತು.

ಕಟ್ಟಿಕೊಂಡವರು ಅಚ್ಚುಕೂಟದಲ್ಲಿ ಕರಡು ತಿದ್ದುವವರು. ನಾಲ್ಕು ಹೆಜ್ಜೆ ಹತ್ತಿದರೆ ಒಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದುದರಿಂದ ಇಡೀ ಅಚ್ಚುಕೂಟ ಅವರನ್ನು ‘ಅಲ್ಪವಿರಾಮ’ ಎಂದೇ ಕರೆಯುತ್ತಿತ್ತು. ಹೋದ ವಾರ ಆ ಏದುಸಿರು ಕಂಡ ಡಾಕ್ಟರಮ್ಮ ಹೃದಯದ ಪರೀಕ್ಷೆ ಮಾಡಿಸಿ, “ವರದಿ ಬರೋವರೆಗೆ ದಿನಕ್ಕೆ ನೂರು ಮೀಟರ್‌ಗಿಂತ ಜಾಸ್ತಿ ಹತ್ತಬೇಡಿ” ಎಂದಿದ್ದರು. ನೂರು ದಾಟಿದರೆ ಏನಾಗುತ್ತದೆಂದು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ. ಹೃದಯ ಪಟ್ಟನೆ ನಿಲ್ಲುತ್ತದೆ ಎಂದು ತಾವೇ ತೀರ್ಮಾನಿಸಿಕೊಂಡರು. ಅಚ್ಚಾದ ಪ್ರತಿ ಅಂಕಿಯನ್ನೂ ಅನುಮಾನದಿಂದ ನೋಡುವ ಮನುಷ್ಯ, ಗಡಿಯಾರದಲ್ಲಿ ಮಿನುಗುವ ಅಂಕಿಯನ್ನು ಮಾತ್ರ ದೇವರ ಮಾತಿನಂತೆ ನಂಬಿಬಿಟ್ಟರು!

ಆ ಊರಿನ ಬೀದಿಗಳಿಗೋ, ಏರುವುದು ಇಳಿಯುವುದು ಬಿಟ್ಟರೆ ಬೇರೆ ಗೊತ್ತಿಲ್ಲ. ಅಂದು ಲಿಫ್ಟೂ ಕೆಟ್ಟಿತ್ತು. ನಾಲ್ಕು ಮಹಡಿ ಹತ್ತಿ ಕುರ್ಚಿಗೆ ಬಿದ್ದು ಮಣಿಕಟ್ಟು ನೋಡಿಕೊಂಡರು. ತೊಂಬತ್ನಾಲ್ಕು! ಸಂಜೆ ಮನೆಗೆ ಹೋಗುವ ದಾರಿಯೂ ಏರೇ.

‘ಇವತ್ತು ಇಲ್ಲಿಂದ ಏಳಬಾರದು’ ಎಂದುಕೊಂಡು ಅಲುಗಾಡದೆ ಕೂತರು. ಕಿಟಕಿಯಾಚೆ ಮೋಡ ಕವಿದು ಹಗಲೇ ಮಬ್ಬಾಗತೊಡಗಿತ್ತು. ಎರಡು ಪುಟ ತಿದ್ದಿ ಮತ್ತೆ ಗಡಿಯಾರ ನೋಡಿದರು. ತೊಂಬತ್ತೈದು.

“ಅಯ್ಯಯ್ಯೋ! ಕೂತಲ್ಲೇ ಹತ್ತುತಾ ಇದೀನಲ್ರಪ್ಪೋ!”

ಆ ಕೂಗಿಗೆ ಅಚ್ಚುಕೂಟದ ಯಜಮಾನರು ತಮ್ಮ ದೊಡ್ಡ ಹೊಟ್ಟೆ ಹೊತ್ತು ಓಡಿಬಂದರು. ಮುಖಪುಟದ ಚಿತ್ರ ಬರೆಯುವ ಹುಡುಗಿಯೂ ಬಂದಳು. ರಜೆ ಬಂದರೆ ಸೈಕಲ್ಲಿನಲ್ಲಿ ಬೆಟ್ಟ ಹತ್ತುವವಳು ಅವಳು. ವಿಷಯ ಕೇಳಿ ನಕ್ಕಳು.

“ಗಡಿಯಾರ ಗಾಳಿಯ ಒತ್ತಡ ನೋಡಿ ಎತ್ತರ ಹೇಳತ್ತೆ ಸಾರ್. ಬಿರುಗಾಳಿ ಬರೋ ಮುಂಚೆ ಒತ್ತಡ ಇಳಿಯತ್ತೆ. ನೀವೇ ಮೇಲೆ ಹೋಗ್ತಿದೀರಿ ಅಂತ ಅದು ತಿಳ್ಕೊಳ್ಳತ್ತೆ.”

“ಮೇಲೆ ಹೋಗ್ತಿದೀನಾ!” ಅಲ್ಪವಿರಾಮರು ಕತ್ತೆತ್ತಿ ಸೂರಿನ ಕಡೆ ನೋಡಿದರು.

“ಬಿಟ್ಹಾಕಿ. ಫೋನಲ್ಲೂ ದಾರಿ ದಾಖಲಾಗಿದೆಯಲ್ಲ, ಕೊಡಿ ನೋಡೋಣ.” ಫೋನು ನೋಡಿದವಳು ಕೆಮ್ಮಿದಳು. “ಇದು ನೂರಾಮೂವತ್ತೆಂಟು ಅನ್ನತ್ತೆ.”

“ಅಂದ್ರೆ ದಾರಿಯಲ್ಲೇ ತೀರ್ಕೊಂಡಿದಾರೆ” ಎಂದರು ಯಜಮಾನರು, ಗಂಭೀರವಾಗಿ.

“ಇಲ್ಲ ಸಾರ್, ಇದು ಉಪಗ್ರಹ ಕೇಳಿ ಹೇಳೋದು. ಎತ್ತರದ ಕಟ್ಟಡ ಅಡ್ಡ ಬಂದ್ರೆ ತಡಬಡಾಯಿಸತ್ತೆ. ಇವರು ನಿಂತೇ ಇದ್ರೂ ಇವರನ್ನ ಮೇಲೆ ಕೆಳಗೆ ಕುಣಿಸತ್ತೆ, ಕುಣಿದದ್ದನ್ನೆಲ್ಲ ಏರು ಅಂತ ಕೂಡಿಸ್ಕೊಳ್ಳತ್ತೆ. ತಾಳಿ, ಅದೇ ದಾರೀನ ಕಂಪ್ಯೂಟರಿನ ನಕ್ಷೆಗೆ ಹಾಕ್ತೀನಿ.” ಕೀಲಿ ಒತ್ತಿದಳು. “ನೋಡಿ, ಬರೀ ನಲವತ್ತೊಂದು!”

ಅಲ್ಪವಿರಾಮರಿಗೆ ಹೋದ ಜೀವ ಬಂದಂತಾಯಿತು. “ನಲವತ್ತೊಂದಾ? ಹೇಗಮ್ಮಾ?”

“ನಕ್ಷೇಲಿ ದೂರದೂರಕ್ಕೆ ಒಂದೊಂದು ಕಡೆ ನೆಲದ ಎತ್ತರ ತುಂಬಿಟ್ಟಿರ್ತಾರೆ. ನಡುವಿನ ಸಣ್ಣಪುಟ್ಟ ಉಬ್ಬುತಗ್ಗು ಅದಕ್ಕೆ ಕಾಣಲ್ಲ. ಕಟ್ಟಡದೊಳಗಿನ ಮೆಟ್ಟಿಲೂ ಕಾಣಲ್ಲ. ಯಾವುದನ್ನ ಎಣಿಸಬೇಕು, ಯಾವುದನ್ನ ಬಿಡಬೇಕು ಅಂತ ಒಂದೊಂದಕ್ಕೆ ಒಂದೊಂದು ಕ್ರಮ ಸಾರ್.”

ಅಷ್ಟರಲ್ಲಿ ಕಿಟಕಿಯ ಬಾಗಿಲು ಧಡಾರನೆ ಬಡಿಯಿತು. ಎಲ್ಲರ ಕಣ್ಣೂ ಮಣಿಕಟ್ಟಿನ ಮೇಲೆ. ತೊಂಬತ್ತೆಂಟು. ತೊಂಬತ್ತೊಂಬತ್ತು. ನಕ್ಷೆಯ ಮೇಲೆ ಈಗಷ್ಟೇ ಹುಟ್ಟಿದ್ದ ನಂಬಿಕೆ ಅಲ್ಪವಿರಾಮರನ್ನು ಬಿಟ್ಟು ಓಡಿತು. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದರು.

“ಸಾರ್... ಹದಿನಾರನೇ ಪುಟದಲ್ಲಿ... ಒಂದು ದೀರ್ಘ ಬಿಟ್ಟುಹೋಗಿದೆ... ಹಾಕಿಸಿಬಿಡಿ...”

ಗಡಿಯಾರ ಟಣ್ ಎಂದಿತು. ನೂರು.

ಏನೂ ಆಗಲಿಲ್ಲ. ಮೆಲ್ಲಗೆ ಒಂದು ಕಣ್ಣು ತೆರೆದರು. ಯಜಮಾನರು ಮೂಗಿನ ಮುಂದೆ ಬೆರಳಿಟ್ಟು ಉಸಿರಿದೆಯೇ ಎಂದು ನೋಡುತ್ತಿದ್ದರು.

“ಬದುಕಿದೀನಿ ಸಾರ್! ನಕ್ಷೆಯೇ ಸತ್ಯ!”

“ಸುಮ್ನಿರ್ರೀ! ಮೂರರಲ್ಲಿ ಎರಡು ನಿಮ್ಮ ಕತೆ ಮುಗೀತು ಅಂತಿವೆ. ಬಹುಮತ ಅಂದ್ರೆ ಬಹುಮತ. ನಡೀರಿ ಡಾಕ್ಟರ ಹತ್ರ! ಅಲ್ಲ ಅಲ್ಲ, ನಡೀಬೇಡಿ, ನಾವೇ ಹೊರ್ತೀವಿ.”

ಯಜಮಾನರು ಮುಂದೆ, ಅಚ್ಚಿನ ಯಂತ್ರ ನಡೆಸುವವನು ಹಿಂದೆ, ನಡುವೆ ಕುರ್ಚಿಯಲ್ಲಿ ಅಲ್ಪವಿರಾಮ, ಪಕ್ಕದಲ್ಲಿ ಚಿತ್ರದ ಹುಡುಗಿ. ನಾಲ್ಕು ಮಹಡಿ ಇಳಿದು ಬೀದಿಗೆ ಬಂದರೆ ಡಾಕ್ಟರಮ್ಮನ ಕ್ಲಿನಿಕ್ಕು ಇರುವುದು ದಿಬ್ಬದ ತುದಿಯಲ್ಲಿ. ಗಾಳಿ ಮಣ್ಣು ಎರಚುತ್ತಿತ್ತು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತರು.

“ನೂರಾ ಆರು... ನೂರಾ ಒಂಬತ್ತು...” ಮೇಲಿನಿಂದ ಅಲ್ಪವಿರಾಮರ ಗೋಳು.

“ಹತ್ತುತಿರೋದು ನಾವು ಕಣ್ರೀ! ಅದನ್ನ ಬಿಚ್ಚಿ ಎಸೀರಿ!”

“ಎಸೆದ್ರೆ ಎಷ್ಟಾಯ್ತು ಅಂತ ಗೊತ್ತಾಗೋದು ಹೇಗೆ ಸಾರ್?”

ಅರ್ಧ ದಿಬ್ಬದಲ್ಲಿ ಸುದ್ದಿ ತಿಳಿದ ಹೆಂಡತಿ ಎದುರು ಓಡಿಬಂದಳು. ಗಡಿಯಾರ ನೋಡಿದ್ದೇ ಗೊಳೋ ಎಂದಳು. “ನನ್ನ ತಮ್ಮ ಕೊಟ್ಟಿದ್ದು ಸುಳ್ಳು ಹೇಳಲ್ಲ ಕಣ್ರೀ! ಇನ್ಮೇಲೆ ನಿಮ್ಮನ್ನ ಮಂಚದಿಂದ ಇಳಿಸಲ್ಲ. ಕೆಲಸವೂ ಬೇಡ, ಏನೂ ಬೇಡ!”

ಅಲ್ಪವಿರಾಮರಿಗೆ ಸಾವಿಗಿಂತ ಇದೇ ಹೆಚ್ಚಿನ ಭಯ ಹುಟ್ಟಿಸಿತು. ಡಾಕ್ಟರಮ್ಮನ ಎದುರು ಕುರ್ಚಿ ಇಳಿಸಿದ್ದೇ ತಡ, ಗಡಿಯಾರ ಬಿಚ್ಚಿ ಹೆಂಡತಿಯ ಕೈಗೆ ತುರುಕಿದರು.

“ಇದು ಸುಳ್ಳುಬುರುಕ! ಫೋನು ಇದರಪ್ಪ! ನಿನ್ನ ತಮ್ಮನಿಗೇ ವಾಪಸ್ ಕೊಡು. ಕಂಪ್ಯೂಟರಿನ ನಕ್ಷೆ ನಲವತ್ತೊಂದೇ ಅಂದಿದೆ, ನಕ್ಷೆ ಹೇಳೋದೇ ಸತ್ಯ. ಇವತ್ತಿಗೂ ಅದೇ, ಎಂದೆಂದಿಗೂ ಅದೇ. ಒಪ್ಕೋ, ನನ್ನ ಮೇಲಾಣೆ!”

ಹೆಂಡತಿ ಕಣ್ಣೊರೆಸಿಕೊಂಡಳು. “ಆಗಲಿ, ಒಪ್ಪಿದೆ. ನಿಮ್ಮಾಣೆಗೂ ಇನ್ಮೇಲೆ ನಕ್ಷೆಯ ಲೆಕ್ಕವೇ.”

ಅಲ್ಪವಿರಾಮರು ಗೆದ್ದ ನಗೆ ನಕ್ಕರು. ಡಾಕ್ಟರಮ್ಮ ಕನ್ನಡಕ ಏರಿಸಿದರು.

“ಹಾಗಾದ್ರೆ ಇವತ್ತು ಹತ್ತಿದ್ದು ನಲವತ್ತೊಂದೇ ಮೀಟರ್ ಅಂತೀರಿ. ಖಂಡಿತ ತಾನೇ?”

“ಖಂಡಿತ ಡಾಕ್ಟ್ರೇ! ಕೂದಲೆಳೆಯಷ್ಟೂ ಹೆಚ್ಚಿಲ್ಲ!”

“ಅದೇ ನೋಡಿ ನಿಮ್ಮ ರೋಗ. ವರದಿ ಈಗಷ್ಟೇ ಬಂತು. ಹೃದಯ ಗುಂಡುಕಲ್ಲಿನ ಹಾಗಿದೆ. ಕೂತು ಕೂತು ಮೈ ಜಡ್ಡುಗಟ್ಟಿದೆ, ಅದಕ್ಕೇ ಏದುಸಿರು. ಇವತ್ತಿಂದಲೇ ದಿನಕ್ಕೆ ಇನ್ನೂರು ಮೀಟರ್ ಹತ್ತಲೇಬೇಕು.”

ಅಲ್ಪವಿರಾಮರ ನಗೆ ಅಲ್ಲೇ ಒಣಗಿತು. ಕೈ ತಾನಾಗಿ ಹೆಂಡತಿಯ ಕಡೆ ಚಾಚಿತು. “ಅದು... ಆ ಗಡಿಯಾರ ಸ್ವಲ್ಪ ಕೊಡು. ಕೂತಲ್ಲೇ ಎಷ್ಟು ಚೆನ್ನಾಗಿ...”

ಹೆಂಡತಿ ಅದನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. “ಆಣೆ ಹಾಕಿದೀರಿ. ಇನ್ನೂ ನೂರಾ ಐವತ್ತೊಂಬತ್ತು ಬಾಕಿ ಇದೆ. ಏಳಿ.”

“ಹೋಗಲಿ, ಅಚ್ಚುಕೂಟದ ಮೆಟ್ಟಿಲಾದ್ರೂ ಹತ್ತಿ ಮುಗಿಸ್ತೀನಿ...”

“ನಕ್ಷೆಗೆ ಮೆಟ್ಟಿಲು ಕಾಣಲ್ಲ ಸಾರ್” ಎಂದಳು ಚಿತ್ರದ ಹುಡುಗಿ, ಪಾಪ, ಮೆಲುದನಿಯಲ್ಲೇ.

ಅಷ್ಟರಲ್ಲಿ ಹಿಂದಿನಿಂದ ನರಳಾಟ ಕೇಳಿಸಿತು. ಅಲ್ಪವಿರಾಮರು ಎದ್ದು ಖಾಲಿಯಾದ ಕುರ್ಚಿಯಲ್ಲಿ ಈಗ ಯಜಮಾನರು ಸೊಂಟ ಹಿಡಿದು ಕೂತಿದ್ದರು. “ಬೆನ್ನು ಹಿಡ್ಕೊಂಡುಬಿಡ್ತು ಕಣ್ರೀ. ನನ್ನನ್ನ ನಾಲ್ಕನೇ ಮಹಡಿಗೆ ಯಾರು ಹೊರ್ತಾರೆ?”

ಎಲ್ಲರೂ ಅಲ್ಪವಿರಾಮರ ಕಡೆ ತಿರುಗಿದರು.

“ಇವರೇ ಹೊರ್ತಾರೆ” ಎಂದಳು ಹೆಂಡತಿ. “ಆದ್ರೆ ರೀ, ಅದು ಲೆಕ್ಕಕ್ಕಿಲ್ಲ.”