ಇಲಿ ಬಿಡುವ ಚಾರಣ

ಭಾನುವಾರ ಎಂಟರವರೆಗೆ ಮಲಗಿ, ಎದ್ದ ಮೇಲೆ ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹೆಂಡತಿಗೆ ಸಲಹೆ ಕೊಡುವುದು ನನ್ನ ಜನ್ಮಸಿದ್ಧ ಹಕ್ಕಾಗಿತ್ತು. (ವಾರದ ಆರು ದಿನ ನಾನು ಕಚೇರಿಯಲ್ಲಿ ಕಡತ ವಿಭಾಗದ ಮೇಲ್ವಿಚಾರಕ. ಏಳನೆಯ ದಿನ ಮೇಲ್ವಿಚಾರಣೆಗೆ ಯಾರೂ ಸಿಗದಿದ್ದರೆ ಕೈಕಾಲೇ ಆಡುವುದಿಲ್ಲ.) ಆ ಹಕ್ಕನ್ನು ಒಂದು ಯಃಕಶ್ಚಿತ್ ಇಲಿ ಕಸಿದುಕೊಂಡಿತು.

ಇಲಿ ಬೋನಿಗೆ ಬಿದ್ದದ್ದೇನೋ ಸುಲಭವಾಗಿಯೇ. ಕಷ್ಟ ಶುರುವಾದದ್ದು ಆಮೇಲೆ. ಕೊಲ್ಲಕೂಡದು ಎಂದರು ನಮ್ಮ ಜೊತೆಗೇ ಇರುವ ಅತ್ತೆ. ಬೀದಿಯಲ್ಲಿ ಬಿಟ್ಟರೆ ನಿಮಗಿಂತ ಮೊದಲು ಅದೇ ಮನೆ ಸೇರುತ್ತೆ ಎಂದಳು ಹೆಂಡತಿ. ಊರಾಚೆಯ ಗುಡ್ಡಕ್ಕೆ ಒಯ್ದು ಬಿಡಬೇಕೆಂದು ತಾಯಿ ಮಗಳು ಸೇರಿ ತೀರ್ಪು ಕೊಟ್ಟರು. ಭಾನುವಾರ ಬೆಳಗ್ಗೆ ಆರಕ್ಕೆ ಬೋನಿಗೆ ಹಳೇ ಟವೆಲು ಹೊದಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊರಟೆ. ಪಕ್ಕದ ಸೀಟಿನವರು ಗಿಳಿಯಾ ಎಂದು ಕೇಳಿದರು. ಹೌದೆಂದೆ.

ಗುಡ್ಡದಲ್ಲಿ ಟೋಪಿ, ಬೂಟು ಹಾಕಿ ಎರಡೆರಡು ಕೋಲು ಹಿಡಿದವರು ಸಾಲಾಗಿ ಹತ್ತುತ್ತಿದ್ದರು. ಅದಕ್ಕೆ ಚಾರಣ ಅನ್ನುತ್ತಾರಂತೆ. ನಾನು ಮಾಡುತ್ತಿರುವುದೂ ಅದನ್ನೇ, ಜೊತೆಗೊಂದು ಇಲಿ ಇದೆ ಅಷ್ಟೇ ಎಂದು ತಿಳಿದಾಗ ಎದೆ ಉಬ್ಬಿತು. ಮುಂದಿನ ವಾರ ಇನ್ನೊಂದು ಬಿತ್ತು, ಅದರ ಮುಂದಿನ ವಾರ ಮತ್ತೊಂದು. ಕೆರೆ ಹಿಂದಿನ ದಾರಿ, ಕಲ್ಲು ಕ್ವಾರಿ ಬಳಸಿ ಹೋಗುವ ದಾರಿ, ನೀರಿನ ಟ್ಯಾಂಕಿನ ಪಕ್ಕದ ಕಡಿದಾದ ದಾರಿ, ಎಲ್ಲವನ್ನೂ ಫೋನಿನ ನಕ್ಷೆಯಲ್ಲಿ ಹುಡುಕಿ ಹತ್ತಿದೆ. ಬೂಟು ಕೊಂಡೆ. ಒಂದೊಂದು ದಾರಿಗೂ ನಕ್ಷತ್ರ ಕೊಟ್ಟು ವಿಮರ್ಶೆ ಬರೆದೆ. ಕಚೇರಿಯಲ್ಲಿ ಸಾಕ್ಷಾತ್ ಮ್ಯಾನೇಜರೇ ನನ್ನ ಮೇಜಿಗೆ ಬಂದು, ಮಂಡಿನೋವಿನವರಿಗೆ ಯಾವ ದಾರಿ ಒಳ್ಳೆಯದು ಎಂದು ವಿಚಾರಿಸಿಕೊಂಡು ಹೋದರು. ಇಲಿಯ ಸುದ್ದಿ ಮಾತ್ರ ನಾನೆತ್ತಲಿಲ್ಲ.

ಹೀಗೆ ನಾಲ್ಕು ತಿಂಗಳು ಕಳೆಯಿತು. ಹೋದ ವಾರದ ಶನಿವಾರ ಬೋನಿನ ಸ್ಪ್ರಿಂಗಿಗೆ ಎಣ್ಣೆ ಹಾಕೋಣವೆಂದು ಅದನ್ನು ಬಿಚ್ಚಿ ಕಪಾಟಿನ ಮೇಲಿಟ್ಟವನು ಮರೆತೇಬಿಟ್ಟೆ. ಸ್ಪ್ರಿಂಗಿಲ್ಲದೆ ಬಾಗಿಲು ಬೀಳುವುದಿಲ್ಲ. ಆದರೂ ಮಾರನೆಯ ಬೆಳಗ್ಗೆ ನೋಡಿದರೆ ಬೋನಿನೊಳಗೆ ದಷ್ಟಪುಷ್ಟವಾದ ಇಲಿಯೊಂದು ಕೂತಿದೆ, ಬಾಗಿಲಿಗೆ ಹೊಲಿಗೆ ದಾರ ಸುತ್ತಿ ಗಂಟು ಹಾಕಿದೆ. ಎಷ್ಟೇ ಬುದ್ಧಿವಂತ ಇಲಿಯಾದರೂ ಒಳಗೆ ಕೂತು ಹೊರಗಡೆ ಗಂಟು ಹಾಕಿಕೊಳ್ಳಲಾರದು.

"ಇದು ಎಲ್ಲಿಂದ ಬಂತು?"

"ಕೆಳಗಡೆ ಮನೆ ಟೈಲರ್ ಹೆಂಡ್ತಿ ಕೊಟ್ಲು," ಎಂದಳು ಹೆಂಡತಿ, ಏನೂ ಆಗದವಳಂತೆ. "ಅವರ ಮನೇಲಿ ಈ ವಾರ ಎರಡು ಬಿದ್ವಂತೆ."

"ಮತ್ತೆ ನಮ್ಮನೆ ಇಲಿ?"

"ನಮ್ಮನೇಲಿ ಎಲ್ರೀ ಇಲಿ? ಪ್ಲಂಬರ್ ಬಂದು ಸಿಂಕ್ ಕೆಳಗಿನ ತೂತು ಮುಚ್ಚಿ ಮೂರು ತಿಂಗಳಾಯ್ತು."

ಒಂದು ವಾರ ಟೈಲರ್ ಮನೆಯದು, ಇನ್ನೊಂದು ವಾರ ಮೇಲಿನ ನರ್ಸಮ್ಮನ ಮನೆಯದು, ಎಲ್ಲೂ ಬೀಳದಿದ್ದರೆ ಬೇಕರಿಯ ಹಿಂಬದಿಯಿಂದ ತರಿಸಿದ್ದು. ಕಟ್ಟಡದ ಹೆಂಗಸರೆಲ್ಲ ಪಾಳಿ ಹಾಕಿಕೊಂಡು ನನಗೆ ಇಲಿ ಒದಗಿಸುತ್ತಿದ್ದರು. ಅತ್ತೆಗೂ ಗೊತ್ತಿತ್ತು. ನನಗೆ ನಿಜಕ್ಕೂ ಅವಮಾನವಾಯಿತು. ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ.

"ನೀವು ಗುಡ್ಡ ಹತ್ತೋ ಹೊತ್ತಲ್ಲಿ ಈರುಳ್ಳೀನ ನನಗಿಷ್ಟ ಬಂದ ಹಾಗೆ ಹೆಚ್ಕೋತೀನಿ ಕಣ್ರೀ. ಬಾಗಿಲಲ್ಲಿ ಕೂತ್ಕೊಂಡು ದಪ್ಪ ಆಯ್ತು ಅನ್ನೋರು ಯಾರೂ ಇರಲ್ಲ."

ಇನ್ನು ಮೇಲೆ ಭಾನುವಾರ ಮನೆ ಬಿಟ್ಟು ಕದಲುವುದಿಲ್ಲವೆಂದು ಘೋರ ಪ್ರತಿಜ್ಞೆ ಮಾಡಿ, ಇಲಿಯನ್ನು ಟೈಲರ್ ಮನೆಗೇ ಮರಳಿಸಿದೆ. ನಿಮ್ಮಿಷ್ಟ ಎಂದಳು ಹೆಂಡತಿ.

ಈ ಭಾನುವಾರ ಐದೂವರೆಗೇ ಎಚ್ಚರವಾಯಿತು. ಕಾಲು ಸುಮ್ಮನಿರಲಿಲ್ಲ. ಬರಿಗೈಯಲ್ಲೂ ಹೋಗಬಹುದಿತ್ತು ನಿಜ, ಆದರೆ ಇಲಿಯ ನೆಪವೂ ಇಲ್ಲದೆ ಹೋದರೆ ಹೆಂಡತಿ ಗೆದ್ದಂತೆಯೇ ಲೆಕ್ಕ. ಮೆಲ್ಲಗೆ ಕೆಳಗಿಳಿದು ಟೈಲರ್ ಮನೆ ಬಾಗಿಲು ತಟ್ಟಿ, ಏನಾದರೂ ಬಿದ್ದಿದೆಯೇ ಎಂದು ಪಿಸುಗುಟ್ಟಿದೆ.

"ಬಿದ್ದಿತ್ತು ಸರ್, ನಮ್ಮನೆಯವರೇ ತಗೊಂಡು ಹೋದ್ರು," ಎಂದಳು ಟೈಲರ್ ಹೆಂಡತಿ. "ಇನ್ಮೇಲೆ ಅವರನ್ನೇ ಕಳಿಸು, ಮನೆ ತಣ್ಣಗಿರುತ್ತೆ ಅಂತ ನಿಮ್ಮನೆ ಅಕ್ಕ ಹೇಳಿದ್ರು."

ನನ್ನ ಗುಡ್ಡ ಒಬ್ಬ ಟೈಲರಿನ ಪಾಲಾಯಿತಲ್ಲ ಎಂದು ಹೊಟ್ಟೆ ಉರಿಯಿತು. ಬಸ್ ಸ್ಟಾಪಿಗೆ ಓಡಿದೆ. ಬೋನು ಹಿಡಿದುಕೊಂಡು, ಯಾವ ಬಸ್ಸು ಹತ್ತಬೇಕೆಂದು ತಿಳಿಯದೆ ಟೈಲರ್ ಅಲ್ಲೇ ನಿಂತಿದ್ದರು. ದಾರಿ ತೋರಿಸುತ್ತೇನೆ, ಬೋನು ನನ್ನ ಕೈಗೆ ಕೊಡಿ ಎಂದೆ. ಅವರು ಬೋನನ್ನು ಎದೆಗವಚಿಕೊಂಡರು. ಕೊನೆಗೆ, ಹೋಗುವಾಗ ತಾವೇ ಹಿಡಿದುಕೊಳ್ಳುವುದಾಗಿಯೂ ಬರುವಾಗ ಖಾಲಿ ಬೋನನ್ನು ಬೇಕಾದರೆ ನಾನು ಹಿಡಿದುಕೊಳ್ಳಬಹುದೆಂದೂ ಹೇಳಿದರು. ನಾನು ಒಪ್ಪಿಕೊಂಡೆ.