ಹಿಂಬಾಗಿಲ ಚಿಲಕ

ಎಲ್ಲಕ್ಕೂ ಮೂಲ ಒಂದು ಬೆಕ್ಕು. ಹಿಂಬಾಗಿಲ ಚಿಲಕ ಮುರಿದಾಗಿನಿಂದ ಅದು ಹಿರಿಯ ಅಳಿಯನ ಗತ್ತಿನಲ್ಲಿ ಒಳಗೆ ಬಂದು ಹಾಲು ಕುಡಿದು ಹೋಗುತ್ತಿತ್ತು. ಆವತ್ತು ಬೆಳಿಗ್ಗೆ ಬರಿದಾದ ಪಾತ್ರೆ ಹಿಡಿದು ಹೆಂಡತಿ ಗುಮಾಸ್ತರ ಮುಂದೆ ನಿಂತಳು.

"ಆರು ತಿಂಗಳಿಂದ ಹಿತ್ತಲಲ್ಲಿ ಕುಲುಮೆ ಇಟ್ಕೊಂಡು ಬರೀ ಹೊಗೆ ಹಾಕ್ತಿದೀರಿ. ಇವತ್ತು ಕತ್ತಲಾಗೋದ್ರೊಳಗೆ ಒಂದು ಚಿಲಕ ಮಾಡಿ. ಇಲ್ಲಾಂದ್ರೆ ನಾಳೆ ಗುಜರಿಯವನು ಬಂದು ಎತ್ಕೊಂಡು ಹೋಗ್ತಾನೆ."

ಗುಮಾಸ್ತರು ಹಿತ್ತಲಿಗೆ ಓಡಿ ಕುಲುಮೆ ಹೊತ್ತಿಸಿದರು. ಕಚೇರಿಯಲ್ಲಿ ಗುಂಡುಸೂಜಿ ಬಿಟ್ಟು ಬೇರೆ ಲೋಹ ಮುಟ್ಟದವರು ನಿವೃತ್ತರಾದ ಮೇಲೆ ಕಟ್ಟಿಕೊಂಡ ಆಸೆ ಅದು. ಎಂಥ ಕುಲುಮೆ ಬೇಕೆಂದು ಆರಿಸುವುದಕ್ಕೆ ಓಡಾಡಿದಷ್ಟು ಅವರು ತಮ್ಮ ಮದುವೆಗೂ ಓಡಾಡಿರಲಿಲ್ಲ. ಗ್ಯಾಸಿನದಾದರೆ ಹೊಗೆಯಿಲ್ಲ ಎಂದು ಯಾರೋ ಹೇಳಿದ್ದರು. ಅಡುಗೆಮನೆಯ ಸಿಲಿಂಡರಿಗೆ ಕೈ ಹಾಕಿದರೆ ಊಟ ಹೊರಗೇ ಎಂದು ಹೆಂಡತಿ ಹೇಳಿದ್ದಳು. ಹಾಗಾಗಿ ಇದ್ದಿಲಿನದೇ ಗಟ್ಟಿಯಾಯಿತು. ಪಕ್ಕದ ಮನೆಯ ಬಸ್ ಡ್ರೈವರ್ ಹಳೆಯ ಬ್ರೇಕ್ ಡ್ರಮ್ ತಂದುಕೊಟ್ಟ, ಅದೇ ಒಲೆಯಾಯಿತು. ಎದುರುಮನೆಯ ಕ್ಷೌರಿಕ ತನ್ನ ಅಂಗಡಿಯ ಹೇರ್ ಡ್ರೈಯರ್ ಕೊಟ್ಟ, ಅದೇ ತಿದಿಯಾಗಿ ಗಾಳಿ ಊದಿತು. ಅವರಿಬ್ಬರ ಉಪಕಾರ ದೊಡ್ಡದು. ಅವರ ಸಲಹೆ ಅದಕ್ಕಿಂತ ದೊಡ್ಡದು.

ಆವತ್ತೂ ಹೊಗೆ ಕಂಡೊಡನೆ ಇಬ್ಬರೂ ಹಾಜರಾದರು. ಕಬ್ಬಿಣ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ತೆಗೆದು ಬಡಿಯಬೇಕೆಂದು ಗುಮಾಸ್ತರಿಗೆ ಗೊತ್ತಿತ್ತು. ಕಾವು ಸಾಲದೆಂದು ಕ್ಷೌರಿಕ ಗಾಳಿ ಜೋರು ಮಾಡಿದ. ಡ್ರೈವರ್ ಕಡಿಮೆ ಮಾಡೆಂದ. ಗಾಳಿಯ ಮಾತು ಬೆಳೆದು, ಹೋದ ವರ್ಷ ಬಸ್ಸಿನ ಕಿಟಕಿ ಮುಚ್ಚದಿದ್ದ ಹಳೆಯ ಜಗಳಕ್ಕೆ ಹೋಯಿತು. ಗುಮಾಸ್ತರು ಇಬ್ಬರಿಗೂ ಸಮಾಧಾನ ಹೇಳಿ ತಿರುಗುವಷ್ಟರಲ್ಲಿ ಕಬ್ಬಿಣ ಬೆಳ್ಳಗಾಗಿ, ಸುರುಸುರುಬತ್ತಿಯಂತೆ ಕಿಡಿ ಕಾರಿ, ಅರ್ಧಕ್ಕರ್ಧ ಉರಿದುಹೋಗಿತ್ತು.

ಮುಂದಿನ ತುಂಡನ್ನು ಡ್ರೈವರ್ ತಾನೇ ಬಡಿದ. ಅದು ಘಾಟಿಯ ತಿರುವಿನಂತೆ ಸುತ್ತಿಕೊಂಡಿತು. ಉಳಿದೊಂದನ್ನು ಕ್ಷೌರಿಕ ಎಷ್ಟು ತೆಳ್ಳಗೆ ಮಾಡಿದನೆಂದರೆ ಅದರಲ್ಲಿ ಗಡ್ಡ ಹೆರೆಯಬಹುದಿತ್ತು. ಅಲ್ಲಿಗೆ ಮನೆಯಲ್ಲಿದ್ದ ಕಬ್ಬಿಣ ಮುಗಿಯಿತು. ಬಿಸಿಲೂ ಇಳಿಯುತ್ತಿತ್ತು.

ಗುಮಾಸ್ತರು ಸುತ್ತಿಗೆ ಕೆಳಗಿಟ್ಟು ಕುಸಿದು ಕೂತರು. "ಬಿಡ್ರಪ್ಪ. ನಿಮ್ಮಿಂದ ಆರು ತಿಂಗಳು ಖುಷಿಯಾಗಿದ್ದೆ. ಅಷ್ಟೇ ಸಾಕು ನಂಗೆ."

ಇಬ್ಬರ ಮುಖವೂ ಬಾಡಿತು. ಡ್ರೈವರ್ ನೀರು ಕುಡಿದು ಬರುವುದಾಗಿ ಮನೆಯೊಳಗೆ ಹೋದವನು ಟವೆಲ್ಲಿನಲ್ಲಿ ಏನನ್ನೋ ಸುತ್ತಿಕೊಂಡು ಬಂದ. ಬೆರಳು ದಪ್ಪದ ಕಬ್ಬಿಣದ ಸರಳು.

"ಎಲ್ಲಿಂದ ಅಂತ ಕೇಳ್ಬೇಡಿ ಸಾರ್. ನೀವೇ ಬಡೀರಿ. ನಾವು ಬಾಯಿ ಬಿಡಲ್ಲ."

ತನ್ನ ಬಾಯಿಯ ಮೇಲೆ ನಂಬಿಕೆ ಸಾಲದೆ ಕ್ಷೌರಿಕ ಅದೇ ಟವೆಲ್ಲನ್ನು ಬಾಯಿಗೆ ಕಟ್ಟಿಕೊಂಡ. ಸರಳನ್ನು ತಿರುಗಿಸಿ ನೋಡುವ ಪುರುಸೊತ್ತೂ ಗುಮಾಸ್ತರಿಗಿರಲಿಲ್ಲ. ಕಿತ್ತಳೆ ಬಣ್ಣ ಬರುತ್ತಲೇ ಇಕ್ಕಳದಲ್ಲಿ ಹಿಡಿದು ಬಡಿದರು, ಬಾಗಿಸಿದರು, ನೀರಿಗದ್ದಿದರು. ದೀಪ ಹಚ್ಚುವ ಮೊದಲೇ ಹಿಂಬಾಗಿಲಿಗೆ ಚಿಲಕ ಕೂತಿತು.

ಹೆಂಡತಿ ಅದನ್ನು ಅತ್ತಿತ್ತ ಸರಿಸಿ ನೋಡಿದಳು. "ಚೆನ್ನಾಗಿದೆ ಕಣ್ರೀ," ಎಂದಳು.

ಗುಮಾಸ್ತರ ಕಣ್ಣು ತುಂಬಿತು. ಗೆಳೆಯರಿಬ್ಬರ ಕೈ ಹಿಡಿದು, ಹೇರ್ ಡ್ರೈಯರಿನ ಬೆನ್ನು ಸವರಿ, ಅವರನ್ನು ಕಳಿಸಿಕೊಡಲು ಮುಂಬಾಗಿಲಿಗೆ ಬಂದರು. ಇಬ್ಬರೂ ಹಿಂದಿರುಗಿ ನೋಡದೆ ಸರಸರನೆ ಹೋದರು. ಬಾಗಿಲು ಹಾಕಲು ಕೈ ಚಾಚಿದರೆ ಅಗುಳಿಯೇ ಇಲ್ಲ. ಅದಿದ್ದ ಕಡೆ ಬರೀ ಮೊಳೆಯ ತೂತುಗಳು.

"ನಾನೇ ಬಿಚ್ಚಿ ಡ್ರೈವರಣ್ಣನ ಕೈಲಿ ಕೊಟ್ಟೆ," ಎಂದಳು ಹೆಂಡತಿ ಹಿಂದಿನಿಂದ. "ಕಿಟಕೀಲಿ ನೋಡ್ತಿದ್ದೆ. ನಿಮ್ಮ ಸಪ್ಪೆ ಮುಖ ನೋಡಕ್ಕಾಗ್ಲಿಲ್ಲ."

ಗುಮಾಸ್ತರು ಆ ತೂತುಗಳ ಮೇಲೆ ಬೆರಳಾಡಿಸಿದರು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಕೊಟ್ಟ ಉಡುಗೊರೆಗಳಲ್ಲಿ ಇದಕ್ಕಿಂತ ದೊಡ್ಡದು ನೆನಪಾಗಲಿಲ್ಲ.

"ನಾಳೆ ಕತ್ತಲಾಗೋದ್ರೊಳಗೆ ಇದಕ್ಕೊಂದು ಮಾಡಿ," ಎಂದಳು ಅವಳು ಒಳಗೆ ಹೋಗುತ್ತ. "ಗುಜರಿಯವನಿಗೆ ನಾಡಿದ್ದು ಬಾ ಅಂದಿದೀನಿ."

ಅಷ್ಟರಲ್ಲಿ ಬೆಕ್ಕು ಮುಂಬಾಗಿಲಿನಿಂದಲೇ ಮರ್ಯಾದಸ್ಥರ ಹಾಗೆ ಬಂದು ಅಡುಗೆಮನೆಯತ್ತ ನಡೆಯಿತು. ಗುಮಾಸ್ತರು ಪಕ್ಕಕ್ಕೆ ಸರಿದು ಅದಕ್ಕೆ ದಾರಿ ಬಿಟ್ಟರು. ನೆನೆಸಿಕೊಂಡರೆ, ಅದರ ಉಪಕಾರವೂ ಕಡಿಮೆಯದೇನಲ್ಲ.